ಡೆಡ್‌ಲಿಫ್ಟ್ ಮಾಡಿ ನಿಂತರೆ ಕಣ್ಣು ಕತ್ತಲೆ

ಪ್ರಶ್ನೆ: ಡಾಕ್ಟರಮ್ಮ, ನಮಸ್ಕಾರ. ನನಗೆ 41 ವರ್ಷ, ವಿರಾಜಪೇಟೆ ಹತ್ತಿರ ನಮ್ಮ ತೋಟ. ತಮ್ಮನ ಮದುವೆಯೊಳಗೆ 10 ಕೆ.ಜಿ. ಇಳಿಸಬೇಕೆಂದು ಜೂನ್ ಕೊನೆಗೆ ಜಿಮ್ ಸೇರಿದೆ. ಅನ್ನ, ಅಕ್ಕಿ ಒಟ್ಟಿ, ಪುಟ್ಟು ಎಲ್ಲ ಬಂದ್. ಉಪ್ಪೂ ತೀರ ಕಡಿಮೆ. ರಾತ್ರಿ ಏಳರ ಮೇಲೆ ಏನೂ ಇಲ್ಲ. ಬೆಳಿಗ್ಗೆ ಆರಕ್ಕೆ ಬೆಲ್ಲ ಹಾಕದ ಕರಿ ಕಾಫಿ ಕುಡಿದು ಹೋಗುತ್ತೇನೆ. ನಮ್ಮ ಮಳೆಗಾಲದ ತಿಂಗಳು ಕಕ್ಕಡದ 18ರಂದು ಮಾಡುವ ಮದ್ದುಸೊಪ್ಪಿನ (ಔಷಧಿ ಗಿಡದ ಸೊಪ್ಪು) ಪಾಯಸವನ್ನೂ ಮುಟ್ಟಲಿಲ್ಲ. 74 ಕೆ.ಜಿ. ಇದ್ದವಳು 68ಕ್ಕೆ ಬಂದಿದ್ದೇನೆ. ಮೊದಲ ವಾರವೇ ಎರಡೂವರೆ ಕೆ.ಜಿ. ಹೋಯಿತು. ಈಗ ಎರಡು ವಾರದಿಂದ ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರದ ಬಾರ್ ಅನ್ನು ಬಗ್ಗಿ ಎತ್ತಿ ನಿಲ್ಲುವ ವ್ಯಾಯಾಮ) ಮುಗಿಸಿ ಬಾರ್ ಕೆಳಗಿಟ್ಟು ನೆಟ್ಟಗೆ ನಿಂತರೆ ಕಣ್ಣು ಕತ್ತಲೆ, ಕಿವಿಯಲ್ಲಿ ಗುಂಯ್. ಬಿದ್ದಿಲ್ಲ. ಟ್ರೈನರ್ ‘ಶುಗರ್ ಲೋ, ಗ್ಲುಕೋಸ್ ಕುಡೀರಿ’ ಅಂತಾರೆ. ಮನೆಯವರು ‘ಹೆಂಗಸರಿಗೆ ಈ ಭಾರ ಎತ್ತೋ ಕೆಲಸ ಯಾಕೆ’ ಅಂತಾರೆ. ನಾದಿನಿ ಪ್ರಕಾರ ನಮ್ಮ ಬೆಟ್ಟದ ಗಾಳಿಯೇ ತೆಳು. ಯಾರ ಮಾತು ಕೇಳಲಿ?

ಉತ್ತರ: ನಾದಿನಿಯನ್ನು ಮೊದಲು ಸಮಾಧಾನ ಮಾಡಿಬಿಡೋಣ. ಮಡಿಕೇರಿಯೇ ಸುಮಾರು 1,150 ಮೀಟರ್ ಎತ್ತರ, ನಿಮ್ಮ ಊರು ಅದಕ್ಕಿಂತ ಕೆಳಗೆ. ಗಾಳಿ ತೆಳುವಾಗಿ ತಲೆ ಸುತ್ತುವುದು ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ ತುದಿಗೆ ಹತ್ತಿದರೂ 1,748 ಅಷ್ಟೇ.

ಇನ್ನು ಶುಗರ್. ಮಧುಮೇಹದ ಮಾತ್ರೆ, ಇನ್ಸುಲಿನ್ ಯಾವುದೂ ಇಲ್ಲದವರಿಗೆ ಒಂದು ರಾತ್ರಿಯ ಉಪವಾಸಕ್ಕೆ ಸಕ್ಕರೆ 70ಕ್ಕಿಂತ ಕೆಳಗಿಳಿಯುವುದು ಅಪರೂಪ. ಪಿತ್ತಜನಕಾಂಗ ತನ್ನ ದಾಸ್ತಾನು ಬಿಡುತ್ತಾ ಇರುತ್ತದೆ. ಅನುಮಾನವಿದ್ದರೆ ಕಣ್ಣು ಕತ್ತಲೆ ಬಂದ ಹೊತ್ತಿಗೇ ಗ್ಲುಕೋಮೀಟರ್‌ನಲ್ಲಿ ಬೆರಳು ಚುಚ್ಚಿ ನೋಡಿ. ಸಕ್ಕರೆ ಇಳಿದಿದ್ದರೆ ಬೆವರು, ಕೈನಡುಕ, ತಡೆಯಲಾಗದ ಹಸಿವು ಇರಬೇಕಿತ್ತು. ನೀವು ಬರೆದಿರುವುದು ‘ನೆಟ್ಟಗೆ ನಿಂತರೆ’. ನನ್ನ ಕಿವಿ ನಿಂತಿದ್ದು ಆ ಎರಡು ಪದಗಳ ಮೇಲೆ.

ಆ ಎರಡೂವರೆ ಕೆ.ಜಿ. ಕೊಬ್ಬು ಎಂದುಕೊಂಡಿರಾ? ಬಹುಪಾಲು ನೀರು. ದೇಹ ಕೂಡಿಟ್ಟ ಪ್ರತಿ ಗ್ರಾಂ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಜೊತೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅನ್ನ, ಒಟ್ಟಿ ನಿಲ್ಲಿಸಿದರೆ ಎರಡೂ ಒಟ್ಟಿಗೆ ಹೊರಡುತ್ತವೆ. ಇನ್ಸುಲಿನ್ ಇಳಿದಂತೆ ಮೂತ್ರಪಿಂಡ ಉಪ್ಪನ್ನೂ ಹೊರಗೆ ಹಾಕುತ್ತದೆ. ಅದರ ಮೇಲೆ ನೀವು ಊಟದ ಉಪ್ಪನ್ನೂ ಕಿತ್ತುಕೊಂಡಿದ್ದೀರಿ. ಜೊತೆಗೆ ನಮ್ಮ ಕಕ್ಕಡದ ಮಳೆ. ಆ ಚಳಿಗೆ ಬಾಯಾರಿಕೆಯೇ ಆಗುವುದಿಲ್ಲ, ದಿನಕ್ಕೆ ನಾಲ್ಕು ಕಾಫಿಯನ್ನೇ ನೀರು ಎಂದು ಲೆಕ್ಕ ಹಾಕುತ್ತೇವೆ. ಒಟ್ಟಿನಲ್ಲಿ ನಾಳಗಳಲ್ಲಿ ಹರಿಯುವ ರಕ್ತದ ಪ್ರಮಾಣವೇ ತಗ್ಗಿದೆ. ಬಗ್ಗಿ ಎದ್ದಾಗ ಅದು ಕಾಲಿಗಿಳಿಯುತ್ತದೆ, ತಲೆಗೆ ಒಂದೆರಡು ಕ್ಷಣ ಸಾಲದು.

ಬಾರ್ ಎತ್ತುವಾಗ ಉಸಿರು ಬಿಗಿಹಿಡಿಯುತ್ತೀರಿ ಅಲ್ಲವೇ? 1985ರಲ್ಲಿ ಕೆನಡಾದ ಸಂಶೋಧಕರು ದೇಹದಾರ್ಢ್ಯ ಪಟುಗಳ ತೋಳಿನ ರಕ್ತನಾಳದೊಳಗೇ ನಳಿಕೆ ಇಟ್ಟು ಅಳೆದರು: ಕಾಲಿನಲ್ಲಿ ಭಾರ ತಳ್ಳುವಾಗ ಒಬ್ಬನ ರಕ್ತದೊತ್ತಡ 480/350 ಮುಟ್ಟಿತ್ತು. ಭಾರ ಇಳಿಸಿ ಉಸಿರು ಬಿಟ್ಟ ಮರುಕ್ಷಣ ಅದು ದಿಢೀರ್ ಇಳಿಯುತ್ತದೆ. ರಕ್ತ ತುಂಬಿದ್ದವರಿಗೆ ಗೊತ್ತೇ ಆಗದು. ನಿಮಗೆ ಕಣ್ಣು ಕತ್ತಲೆ. ನಮ್ಮ ತೋಟದಲ್ಲಿ ಕಾಫಿ ಮೂಟೆ ಹೆಗಲಿಗೇರಿಸುವವರು ಎತ್ತುತ್ತಲೇ ‘ಹ್ಹೂಂ’ ಎಂದು ಉಸಿರು ಬಿಡುತ್ತಾರೆ, ನೋಡಿದ್ದೀರಲ್ಲ? ನೀವೂ ಹಾಗೇ ಮಾಡಿ. 52ನೇ ವಯಸ್ಸಿನಲ್ಲಿ ತೂಕ ಎತ್ತಲು ಶುರುಮಾಡಿದ ನಾನೂ ಮೊದಲ ತಿಂಗಳು ಹಲ್ಲು ಕಚ್ಚಿ ಉಸಿರು ಹಿಡಿದು ಗೋಡೆ ಹಿಡಿದುಕೊಂಡವಳೇ. ಡಾಕ್ಟರ್ ಆಗಿ ನಾಚಿಕೆಯಾಯಿತು, ಯಾರಿಗೂ ಹೇಳಲಿಲ್ಲ.

ಈ ವಾರದಿಂದ ಹೀಗೆ ಮಾಡಿ. ಜಿಮ್‌ಗೆ ಮುಕ್ಕಾಲು ಗಂಟೆ ಮೊದಲು ಒಂದು ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆ) ಅಥವಾ ಎರಡು ಚಿಕ್ಕ ಬಾಳೆಹಣ್ಣು, ಎರಡು ಲೋಟ ನೀರು. ಬಿಪಿ ಇಲ್ಲದಿದ್ದರೆ ಊಟಕ್ಕೆ ಎಂದಿನಷ್ಟು ಉಪ್ಪು ಹಾಕಿಕೊಳ್ಳಿ. ಬಿಪಿ ಮಾತ್ರೆ ತಿನ್ನುತ್ತಿದ್ದರೆ ಉಪ್ಪು ಮುಟ್ಟುವ ಮೊದಲು ನಿಮ್ಮ ವೈದ್ಯರನ್ನು ಕೇಳಿ. ತೂಕ ಇಳಿದವರಿಗೆ ಹಳೆಯ ಡೋಸ್ ಜಾಸ್ತಿಯಾಗಿರಬಹುದು. ಮೂತ್ರ ತಿಳಿ ಹಳದಿ ಇದ್ದರೆ ನೀರು ಸಾಕು ಎಂದರ್ಥ (ಮದ್ದುಸೊಪ್ಪು ತಿಂದ ದಿನ ಮಾತ್ರ ಈ ಪರೀಕ್ಷೆ ನಡೆಯದು, ಕೆಂಪಾಗುತ್ತದೆ!). ಸೆಟ್ ಮುಗಿದ ಮೇಲೆ ಮರದಂತೆ ನಿಲ್ಲದೆ ನಾಲ್ಕು ಹೆಜ್ಜೆ ಓಡಾಡಿ, ಕಾಲಿನ ಸ್ನಾಯು ರಕ್ತವನ್ನು ಮೇಲಕ್ಕೆ ತಳ್ಳಲಿ. ಕಣ್ಣು ಮಂಜಾದರೆ ಮರ್ಯಾದೆ ನೋಡದೆ ಅಲ್ಲೇ ಮಲಗಿ, ಕಾಲು ಬೆಂಚಿನ ಮೇಲೆ. ತೂಕ ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಸಾಕು. ತೂಕ ಇಳಿಸಲೆಂದು ಯಾರಾದರೂ ಕಾಚಂಪುಳಿ (ನಮ್ಮ ಅಡುಗೆಯ ಕಪ್ಪು ಹಣ್ಣಿನ ಹುಳಿ) ಸಾರದ ಮಾತ್ರೆ ಕೊಡಲು ಬಂದರೆ ಬೇಡ ಅನ್ನಿ. ಆ ಜಾತಿಯ ಮಾತ್ರೆಗಳಿಂದ ಪಿತ್ತಜನಕಾಂಗಕ್ಕೆ ಪೆಟ್ಟು ಬಿದ್ದದ್ದು ದಾಖಲಾಗಿದೆ. ಕಾಚಂಪುಳಿ ಪಂದಿಕರಿಯಲ್ಲೇ ಚೆಂದ.

ಮನೆಯಲ್ಲಿ ಬಿಪಿ ಯಂತ್ರವಿದ್ದರೆ ಐದು ನಿಮಿಷ ಮಲಗಿ ಅಳೆಯಿರಿ, ಎದ್ದು ನಿಂತು ಒಂದನೇ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ಅಳೆಯಿರಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ನನ್ನ ಊಹೆ ಸರಿ.

ಒಂದು ವಿಷಯ ನೀವು ಬರೆದಿಲ್ಲ: ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತದೆಯೇ? ಈ ವಯಸ್ಸಿನಲ್ಲಿ ಅದು ಸಾಮಾನ್ಯ, ನಾವು ಹೇಳಿಕೊಳ್ಳುವುದಿಲ್ಲ ಅಷ್ಟೇ. ಊಟದ ಜೊತೆಗೇ ಕಾಫಿ ಕುಡಿದರೆ ಆಹಾರದ ಕಬ್ಬಿಣ ಮೈಗೆ ಹತ್ತುವುದೂ ಕಡಿಮೆ, ಒಂದು ಗಂಟೆ ಬಿಟ್ಟು ಕುಡಿಯಿರಿ. ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸುವುದು) ಪರೀಕ್ಷೆ ಈ ವಾರವೇ ಆಗಲಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಚಿಕಿತ್ಸೆ ಶುರುವಾಗುವವರೆಗೆ ಡೆಡ್‌ಲಿಫ್ಟ್ ಬೇಡ.

ಭಾರ ಎತ್ತುತ್ತಿರುವಾಗಲೇ ಪ್ರಜ್ಞೆ ತಪ್ಪಿದರೆ, ಎದೆ ಬಿಗಿದರೆ, ಗುಂಡಿಗೆ ತಾಳ ತಪ್ಪಿ ಹೊಡೆದುಕೊಂಡರೆ, ಅಥವಾ ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದರೆ ನಾನು ಮೇಲೆ ಬರೆದದ್ದನ್ನೆಲ್ಲ ಬದಿಗಿಡಿ; ಇಸಿಜಿ, ಎಕೋ ಮಾಡಿಸುವ ತನಕ ಜಿಮ್ ಬಾಗಿಲಿಗೂ ಹೋಗಬೇಡಿ.

ಮನೆಯವರಿಗೆ ಹೇಳಿ, ನಲವತ್ತು ದಾಟಿದ ಹೆಂಗಸಿನ ಮೂಳೆಗೆ ಈ ಭಾರ ಬೇಕೇಬೇಕು. ಪಾಯಸಕ್ಕೆ ಮಾತ್ರ ಇನ್ನು ಮುಂದಿನ ಕಕ್ಕಡವೇ ಗತಿ.