ಬಜಪೆಯಿಂದ ದೇವನಹಳ್ಳಿಗೆ: ದೂರವೆಷ್ಟು, ಹೊತ್ತೆಷ್ಟು?

ಪ್ರಶ್ನೆ: ಮಂಗಳೂರು ಮತ್ತು ಬೆಂಗಳೂರು ವಿಮಾನ ನಿಲ್ದಾಣಗಳ ನಡುವಿನ ದೂರವನ್ನು ಒಂದು ಕಡೆ 306 ಎಂದೂ ಇನ್ನೊಂದು ಕಡೆ 165 ಎಂದೂ ಕೊಟ್ಟಿದ್ದಾರೆ. ಯಾವುದು ಸರಿ? ಗಂಟೆಗೆ 800 ಕಿ.ಮೀ. ಹೋಗುವ ಜೆಟ್ ವಿಮಾನಕ್ಕೆ ಅರ್ಧ ಗಂಟೆಯೂ ಬೇಡವಲ್ಲ, ಟಿಕೆಟ್‌ನಲ್ಲಿ ಒಂದು ಗಂಟೆಯಷ್ಟು ತೋರಿಸುವುದೇಕೆ? ನನ್ನ ತಾಯಿ ಬೆಂಗಳೂರಿನಲ್ಲಿ ಇಳಿದು ದೆಹಲಿಯ ವಿಮಾನ ಹಿಡಿಯಬೇಕಾಗಿದೆ.
– ಓದುಗರೊಬ್ಬರು, ಪುತ್ತೂರು

ಉತ್ತರ: ಎರಡೂ ಸರಿಯೇ. 306 ಎಂಬುದು ಕಿಲೋಮೀಟರ್ ಲೆಕ್ಕ, 165 ಎಂಬುದು ನಾಟಿಕಲ್ ಮೈಲಿಯ ಲೆಕ್ಕ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ.; ವಿಮಾನಯಾನದಲ್ಲಿ ಬಳಕೆಯಲ್ಲಿರುವುದು ಅದೇ. ಎರಡೂ ಬಜಪೆಯಿಂದ ದೇವನಹಳ್ಳಿಗೆ ಭೂಮಿಯ ಮೇಲೆ ನೇರವಾಗಿ ಎಳೆದ ಗೆರೆಯ ಉದ್ದವಷ್ಟೇ.

ವಿಮಾನ ಆ ಗೆರೆಯ ಮೇಲೆಯೇ ಹಾರುವುದಿಲ್ಲ. ವಿಮಾನಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಏರುತ್ತವೆ, ಗಾಳಿಗೆ ಎದುರಾಗಿಯೇ ಇಳಿಯುತ್ತವೆ. ಮಳೆಗಾಲದಲ್ಲಿ ಪಡುವಣ ಗಾಳಿ ಬೀಸುವಾಗ ಬಜಪೆಯಿಂದ ಹೊರಟ ವಿಮಾನ ಮೊದಲು ಕಡಲ ಕಡೆಗೆ ಏರಿ, ಆಮೇಲೆ ಪೂರ್ವಕ್ಕೆ ತಿರುಗಬೇಕಾಗುತ್ತದೆ. ದೇವನಹಳ್ಳಿಯಲ್ಲಿ ಅದೇ ಗಾಳಿಯಿದ್ದರೆ ನಿಲ್ದಾಣವನ್ನು ದಾಟಿ ಮುಂದೆ ಹೋಗಿ, ಹಿಂದಿರುಗಿ ಪೂರ್ವದ ಕಡೆಯಿಂದ ರನ್‌ವೇಗೆ ಇಳಿಯುತ್ತದೆ. ಕಿಟಕಿಯ ಪಕ್ಕ ಕುಳಿತವರಿಗೆ ಈ ಎರಡು ತಿರುವುಗಳೂ ಚೆನ್ನಾಗಿ ತಿಳಿಯುತ್ತವೆ.

ಇನ್ನು ವೇಗದ ಮಾತು. ಗಂಟೆಗೆ 800 ಕಿ.ಮೀ. ಎಂಬುದು ಬಹಳ ಎತ್ತರಕ್ಕೆ ಏರಿದ ಮೇಲಿನ ವೇಗ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ 250 ನಾಟಿಕಲ್ ಮೈಲಿ ಅಥವಾ ಸುಮಾರು 463 ಕಿ.ಮೀ. ವೇಗವನ್ನು ಮೀರುವಂತಿಲ್ಲ. ಇಳಿಯುವಾಗ ಪ್ರತಿ ಸಾವಿರ ಅಡಿಗೆ ಸುಮಾರು ಮೂರು ನಾಟಿಕಲ್ ಮೈಲಿ ಬೇಕೆಂಬುದು ಪೈಲಟ್‌ಗಳ ರೂಢಿಯ ಲೆಕ್ಕ. ಹಾಗಾಗಿ 30,000 ಅಡಿಯಿಂದ ಇಳಿಯಲು 90 ನಾಟಿಕಲ್ ಮೈಲಿ ಬೇಕು, ಇದು ನಿಮ್ಮ 165ರಲ್ಲಿ ಅರ್ಧಕ್ಕಿಂತ ಹೆಚ್ಚು. ಈ ಮಾರ್ಗದಲ್ಲಿ ವಿಮಾನ ಏರಿ ಮುಗಿಸುವಷ್ಟರಲ್ಲೇ ಇಳಿಯಲು ತೊಡಗುತ್ತದೆ, ಪೂರ್ಣ ವೇಗದಲ್ಲಿ ಸಾಗುವ ಅವಕಾಶ ಅದಕ್ಕೆ ಸಿಗುವುದೇ ಕಡಿಮೆ. ಪ್ರೊಪೆಲ್ಲರ್ ಇರುವ ಎಟಿಆರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಆಗಿದ್ದರೂ ಇಂಥ ಹತ್ತಿರದ ಊರುಗಳ ನಡುವೆ ಅದು ಜೆಟ್‌ಗಿಂತ ತುಂಬಾ ಹಿಂದೆ ಬೀಳದಿರುವುದಕ್ಕೆ ಕಾರಣ ಇದೇ.

ಟಿಕೆಟ್‌ನಲ್ಲಿರುವುದು ಹಾರಾಟದ ಸಮಯ ಮಾತ್ರವಲ್ಲ ಎಂಬುದನ್ನೂ ಗಮನಿಸಿ. ಟ್ರ್ಯಾಕ್ಟರ್ ವಿಮಾನವನ್ನು ಹಿಂದಕ್ಕೆ ತಳ್ಳಲು ಆರಂಭಿಸಿದ ಕ್ಷಣದಿಂದ, ಬೆಂಗಳೂರಿನಲ್ಲಿ ಅದು ತನ್ನ ಜಾಗದಲ್ಲಿ ಪೂರ್ತಿ ನಿಲ್ಲುವವರೆಗಿನ ಹೊತ್ತೆಲ್ಲವೂ ಅದರಲ್ಲಿ ಸೇರಿದೆ.

ಆದ್ದರಿಂದ ದೂರವನ್ನು ವೇಗದಿಂದ ಭಾಗಿಸುವ ಲೆಕ್ಕವನ್ನು ದಯವಿಟ್ಟು ನಂಬಬೇಡಿ. ಟಿಕೆಟ್‌ನಲ್ಲಿರುವ ತಲುಪುವ ಸಮಯದಿಂದಲೇ ಎಣಿಸಿ. ಎರಡು ವಿಮಾನಗಳಿಗೂ ಒಂದೇ ಟಿಕೆಟ್ ಮಾಡಿಸುವುದು ಒಳ್ಳೆಯದು. ಬೇರೆ ಬೇರೆ ಟಿಕೆಟ್ ಆದರೆ ತಾಯಿಯವರು ಬೆಲ್ಟ್‌ನಿಂದ ಸಾಮಾನು ಎತ್ತಿಕೊಂಡು, ಮತ್ತೆ ಚೆಕ್-ಇನ್ ಮಾಡಿಸಿ, ಭದ್ರತಾ ತಪಾಸಣೆಯ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಅದಕ್ಕೆ ಮೂರು ಗಂಟೆಯಾದರೂ ಇಟ್ಟುಕೊಳ್ಳಿ. ದೆಹಲಿಯ ವಿಮಾನ ಒಂದನೆಯ ಟರ್ಮಿನಲ್‌ನಿಂದಲೋ ಎರಡನೆಯದರಿಂದಲೋ ಎಂಬುದನ್ನು ಮೊದಲೇ ನೋಡಿಕೊಳ್ಳಿ. ನಡೆಯಲು ಕಷ್ಟವಿದ್ದರೆ ಗಾಲಿಕುರ್ಚಿ ಬೇಕೆಂದು ಟಿಕೆಟ್ ಮಾಡಿಸುವಾಗಲೇ ತಿಳಿಸಿ.