ಕಾಲೇಜು ನಾಟಕದ ಪೋಸ್ಟರ್: ಕ್ಯಾನ್ವಾನಾ, ಫೋಟೋಶಾಪಾ?

ಯಾವ ಆ್ಯಪ್ ಒಳ್ಳೇದು, ಪಾತ್ರಧಾರಿಗಳ ಫೋಟೋ ಎಲ್ಲಿ ಹಾಕಲಿ ಅಂತ ಕೇಳಿದ್ದೀರಿ. ಎರಡೂ ಬಿಡಿ. ನಾಟಕ ಯಾವತ್ತು, ಎಲ್ಲಿ, ಎಷ್ಟು ಗಂಟೆಗೆ ಅನ್ನೋ ಸಾಲು ಪ್ರಿಂಟಿಂಗ್ ಅಂಗಡಿಯಿಂದ ನೆಟ್ಟಗೆ ಹೊರಗೆ ಬರುತ್ತಾ, ಮೊದಲು ಅದನ್ನು ನೋಡಿ.

ವಿಜಯಪುರದಲ್ಲಿ ಡಿಗ್ರಿ ಓದುವಾಗ ನಮ್ಮ ನಾಟಕದ ಪೋಸ್ಟರ್ ನನ್ನ ತಲೆಗೆ ಬಂತು. ನಟನೆ ಬರಲ್ಲ, ಕಂಪ್ಯೂಟರ್ ಬರುತ್ತೆ, ಅಷ್ಟೇ ಕಾರಣ. ಕೋರಲ್‌ಡ್ರಾ ಅನ್ನೋ ಡಿಸೈನ್ ಸಾಫ್ಟ್‌ವೇರಿನಲ್ಲಿ ಮಾಡಿದೆ. ಕಪ್ಪು ಹಿನ್ನೆಲೆ, ಒಂದು ಕಂದೀಲು, ದಪ್ಪ ಅಕ್ಷರದಲ್ಲಿ ನಾಟಕದ ಹೆಸರು. ಹೆಸರನ್ನು ಕರ್ವ್ ಮಾಡಿದ್ದೆ, ಅಂದ್ರೆ ಅಕ್ಷರವನ್ನು ಚಿತ್ರವಾಗಿ ಬದಲಿಸಿದ್ದೆ. ಸಂಜೆ ಮೇಷ್ಟ್ರು ಫೋನ್ ಮಾಡಿ, ಕಂದಗಲ್ ಹನುಮಂತರಾಯ ರಂಗಮಂದಿರ ಶನಿವಾರ ಸಿಗಲ್ಲ, ಭಾನುವಾರ ಅಂದರು. ಕೆಳಗಿನ ಸಾಲು ಅಳಿಸಿ, ಕನ್ನಡ ಟೈಪ್ ಮಾಡೋ 'ನುಡಿ' ಸಾಫ್ಟ್‌ವೇರಿನಲ್ಲಿ ಹೊಸದಾಗಿ ಟೈಪ್ ಮಾಡಿ, ಪೆನ್‌ಡ್ರೈವ್ ಅಂಗಡಿಗೆ ಕೊಟ್ಟು ರಿಹರ್ಸಲ್‌ಗೆ ಓಡಿದೆ. ಆ ಸಾಲನ್ನು ಕರ್ವ್ ಮಾಡಲಿಲ್ಲ.

ಬೆಳಿಗ್ಗೆ ಬಂಡಲ್ ಬಿಚ್ಚಿದರೆ ಕಂದೀಲು ಚಂದ, ಹೆಸರು ಚಂದ. ಕೆಳಗೆ ಮಾತ್ರ ತಲೆ ಮೇಲೆ ಗೆರೆ ಇರೋ ಇಂಗ್ಲಿಷ್ 'ಎ'ಗಳ ಸಾಲು. ಭಾನುವಾರದ 'ನು' ಇದ್ದ ಕಡೆ ಪೌಂಡ್ ಚಿಹ್ನೆ, ಹನುಮಂತರಾಯನ ಹೊಟ್ಟೆಯಲ್ಲೂ ಪೌಂಡ್ ಚಿಹ್ನೆ. "ಟಿಕೆಟ್ ಲಂಡನ್ ರೊಕ್ಕದಾಗ ಐತೇನು?" ಅಂತ ಗೆಳೆಯ ಕೇಳಿದ.

ಆಗಿದ್ದು ಇಷ್ಟು. ನುಡಿಯ ಹಳೇ ಫಾಂಟುಗಳು ಯೂನಿಕೋಡ್ ಅಲ್ಲ, ಅಂದ್ರೆ ಕನ್ನಡ ಅಕ್ಷರಕ್ಕೇ ಸ್ವಂತ ಕೋಡ್ ಇರೋ ಪದ್ಧತಿಯವಲ್ಲ. ಫೈಲಿನ ಒಳಗೆ ಇರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕೋಡ್. ಕನ್ನಡದ ಆಕಾರ ಕೊಡೋದು ಫಾಂಟು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವೇಷ ಕಳಚಿಬಿಡುತ್ತೆ. ಫಾಂಟ್ ಇಲ್ಲ ಅಂತ ಕೋರಲ್ ಎಚ್ಚರಿಸುತ್ತೆ, ರಾತ್ರಿ ಅವಸರದಲ್ಲಿ ಅಂಗಡಿಯವರು ಓಕೆ ಒತ್ತಿರಬೇಕು. ನಾನು ಕಂಟ್ರೋಲ್-ಕ್ಯೂ ಒತ್ತಿ ಆ ಸಾಲನ್ನೂ ಕರ್ವ್ ಮಾಡಿದ್ದರೆ ಮುಗೀತಿತ್ತು. ಅಥವಾ ಫಾಂಟ್ ಸೇರಿಸಿದ ಪಿಡಿಎಫ್ ಕೊಡಬಹುದಿತ್ತು. ಅಥವಾ ಸುಮ್ನೆ ಅಂಗಡಿಯಲ್ಲೇ ನಿಂತು ಮೊದಲ ಹಾಳೆ ಓದಬಹುದಿತ್ತು! ಅಷ್ಟರಲ್ಲಿ ಜೂನಿಯರ್‌ಗಳು ಇನ್ನೊಂದು ಬಂಡಲ್ ಒಯ್ದು ಸ್ಟೇಷನ್ ರೋಡ್ ಕಡೆ ಅಂಟಿಸಿಬಿಟ್ಟಿದ್ದರು. ಭಾನುವಾರ ಮುಂದಿನ ಸಾಲಿನಲ್ಲಿ ನಟರ ಅಪ್ಪ-ಅಮ್ಮಂದಿರು, ಹಿಂದೆಲ್ಲ ಖಾಲಿ ಕುರ್ಚಿ.

ಹಾಗಾಗಿ ಯಾವುದರಲ್ಲಾದರೂ ಮಾಡಿ, ಯೂನಿಕೋಡ್ ಫಾಂಟ್ ಬಳಸಿ. 'ಬಾಲೂ ತಮ್ಮ' ಅನ್ನೋ ಫಾಂಟು ನಾಟಕದ ಹೆಸರಿಗೆ ಚೆನ್ನಾಗಿದೆ, ಪುಕ್ಕಟೆ ಬೇರೆ. ಫೋಟೋಶಾಪ್ ಆದ್ರೆ ಅಕ್ಷರದ ಸೆಟ್ಟಿಂಗ್‌ನಲ್ಲಿ 'ವರ್ಲ್ಡ್-ರೆಡಿ ಲೇಔಟ್' ಆಯ್ಕೆ ಆನ್ ಇರಲಿ, ಇಲ್ಲದಿದ್ರೆ ಒತ್ತಕ್ಷರ ಕಿತ್ತುಕೊಂಡು ಪಕ್ಕಕ್ಕೆ ಹೋಗುತ್ತೆ. ಕರ್ವ್ ಮಾಡಿದ ಮೇಲೆ ತಿದ್ದೋಕೆ ಬರಲ್ಲ, ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ.

ಇನ್ನು ಫೋಟೋ. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ಬೋರ್ಡ್ ನೋಡಿದ್ದೀರಲ್ವಾ? ಅಲ್ಲಿ ಮುಖಗಳು ಇರುತ್ತವೆ, ಯಾಕಂದ್ರೆ ಜನ ಆ ಕಲಾವಿದರನ್ನು ನೋಡೋಕೇ ಬರ್ತಾರೆ. ನಿಮ್ಮ ಬಿಕಾಂ ಎರಡನೇ ವರ್ಷದವನ ಮುಖ ಯಾರಿಗೆ ಗೊತ್ತು? ಆ ಬೋರ್ಡ್‌ಗಳಿಂದ ಕದಿಯೋದಾದ್ರೆ ಹೆಸರಿನ ಅಕ್ಷರದ ಗಾತ್ರ ಕದಿಯಿರಿ. ಓಡುವ ಬಸ್ಸಿನಿಂದಲೂ ಓದಬಹುದು. ಎ3 ಹಾಳೆ ಅಂದ್ರೆ 29.7×42 ಸೆಂ.ಮೀ., ಅದರಲ್ಲಿ ಮೇಲಿನ ಅರ್ಧ ಹೆಸರಿಗೇ ಬಿಡಿ. ಪ್ರಿನ್ಸಿಪಾಲರ ಫೋಟೋ ಹಾಕಲೇಬೇಕು ಅಂತ ಒತ್ತಾಯ ಬಂದರೆ ಆಹ್ವಾನ ಪತ್ರಿಕೆಯಲ್ಲಿ ಹಾಕಿ, ಪೋಸ್ಟರ್‌ನಲ್ಲಿ ಬೇಡ.