17 ವರ್ಷದ ತಮ್ಮನಿಗೆ ಟ್ರಯಲ್ ಯಾಕೆ ಸಿಗುತ್ತಿಲ್ಲ?

ಟ್ರಯಲ್, ಅಂದರೆ ಹೊಸ ಚಿಕಿತ್ಸೆಯನ್ನು ರೋಗಿಗಳಲ್ಲಿ ಪರೀಕ್ಷಿಸುವ ಅಧ್ಯಯನ, ಸಿಗದಿರುವುದು ಹೆಚ್ಚಾಗಿ ವಯಸ್ಸಿನ ತೊಡಕು. ತಮ್ಮನಿಗೆ 17, ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್), ದೊಡ್ಡವರ ವಾರ್ಡಿನಲ್ಲಿ ತೋರಿಸುತ್ತಿದ್ದೇವೆ ಅಂದಿರಿ. ದೊಡ್ಡವರ ಟ್ರಯಲ್‌ಗಳು ಸಾಮಾನ್ಯವಾಗಿ 18ಕ್ಕೆ ಶುರು. ಮಕ್ಕಳ ಟ್ರಯಲ್‌ಗೆ ಅವನು ಸೇರಬಹುದಾದರೂ ದೊಡ್ಡವರ ವಾರ್ಡಿನವರಿಗೆ ಅದು ನೆನಪಾಗುವುದೇ ಕಷ್ಟ. ನನ್ನ ಅಕ್ಕನ ಮಗನಿಗೂ ಹೀಗೇ ಆಗಿತ್ತು.

ಮೊದಲು ಸಿಟಿಆರ್‌ಐ, ಅಂದರೆ ಭಾರತದ ಟ್ರಯಲ್ ನೋಂದಣಿ ಜಾಲತಾಣದಲ್ಲಿ ಕಾಯಿಲೆಯ ಹೆಸರು ಹಾಕಿ ಹುಡುಕಿ. 2009ರಿಂದ ಅಲ್ಲಿ ನೋಂದಣಿ ಕಡ್ಡಾಯ. ಎಷ್ಟರಿಂದ ಎಷ್ಟು ವಯಸ್ಸು, ಯಾವ ಆಸ್ಪತ್ರೆ, ಯಾರಿಗೆ ಫೋನ್ ಮಾಡಬೇಕು, ಎಲ್ಲಾ ಇರುತ್ತದೆ. 'ಓಪನ್ ಟು ರಿಕ್ರೂಟ್‌ಮೆಂಟ್' (ಈಗ ರೋಗಿಗಳನ್ನು ಸೇರಿಸಿಕೊಳ್ಳುತ್ತಿದ್ದಾರೆ) ಅಂತ ಇದ್ದವನ್ನು ಮಾತ್ರ ಬರೆದುಕೊಳ್ಳಿ. ಆ ಮಾಹಿತಿ ಹಳೆಯದೂ ಆಗಿರಬಹುದು, ಸುಮ್ನೆ ನಂಬದೆ ಫೋನ್ ಮಾಡಿ.

ಆಮೇಲೆ ಬೋನ್ ಮ್ಯಾರೋ (ಮೂಳೆಯ ಮಜ್ಜೆ) ರಿಪೋರ್ಟು, ಈವರೆಗಿನ ಚಿಕಿತ್ಸೆಯ ಚೀಟಿಗಳನ್ನು ಹಿಡಿದು ಮಕ್ಕಳ ಕ್ಯಾನ್ಸರ್ ವಿಭಾಗದಲ್ಲಿ ಕೇಳಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಈ ವಿಭಾಗ ಬೇರೆಯೇ ಇದೆ.

ಕೀಮೋ ಶುರುವಾಗಿದೆಯಾ ಅಂತ ನೀವು ಬರೆದಿಲ್ಲ. ಆಗಿದ್ದರೆ ಇನ್ನೂ ಚಿಕಿತ್ಸೆ ಶುರುವಾಗದ ಹೊಸ ರೋಗಿಗಳ ಟ್ರಯಲ್‌ಗಳು ಬಹುತೇಕ ಕೈತಪ್ಪಿದಂತೆಯೇ. ಹಾಗಂತ ಟ್ರಯಲ್ ಸಿಗಲಿ ಅಂತ ಕೀಮೋ ಮಾತ್ರ ಮುಂದೂಡಬೇಡಿ, ಈ ಕಾಯಿಲೆ ಕಾಯುವುದಿಲ್ಲ.

18 ತುಂಬುವವರೆಗೆ ಒಪ್ಪಿಗೆ ಪತ್ರಕ್ಕೆ ಅಪ್ಪನೋ ಅಮ್ಮನೋ ಸಹಿ ಹಾಕಬೇಕು. ಆದರೆ ಅವನ ಸಮ್ಮತಿಯೂ ಬೇಕೇ ಬೇಕು. ಹಾಗಾಗಿ ಅವನನ್ನೇ ಕೂರಿಸಿ ಕನ್ನಡದಲ್ಲಿ ವಿವರಿಸಲು ಡಾಕ್ಟರಿಗೆ ಹೇಳಿ. ಟೆಸ್ಟು, ಓಡಾಟದ ಖರ್ಚು ಯಾರದು ಅಂತ ಸಹಿಗೆ ಮುಂಚೆಯೇ ಕೇಳಿಬಿಡಿ.